ಗುದ್ದಿದ ಸೈಕಲ್: ಫ್ರೇಮ್ ಉಳಿಯಿತು, ಫೋರ್ಕ್ ಹೋಯಿತು

ಗುಂಡಿಗೆ ಬಿದ್ದ ಮೇಲೆ ನನ್ನ ಹಳೆಯ ಸ್ಟೀಲ್ ಸೈಕಲ್ ಎಡಕ್ಕೆ ಎಳೆಯುತ್ತಿತ್ತು. ಮುಂದಿನ ಚಕ್ರದ ಓರೆ ತೆಗೆಸಿದೆ, ಹ್ಯಾಂಡಲ್ ಬೇರಿಂಗ್ ಬಿಗಿ ಮಾಡಿದೆ, ಟೈರ್ ಬದಲಿಸಿದೆ. ಏನೂ ಆಗಲಿಲ್ಲ. ಟೈರ್ ದುಡ್ಡು ಸುಮ್ನೆ ದಂಡ.

ಕೊನೆಗೆ ಫ್ರೇಮ್ ಬಾಗಿದೆಯೇ ಅಂತ ದಾರ ಕಟ್ಟಿ ಅಳೆದೆ. ಹಿಂದಿನ ಚಕ್ರ ಬಿಚ್ಚಿ, ಆಕ್ಸಲ್ ಕೂರುವ ಒಂದು ಬದಿಯಿಂದ ದಾರ ತಂದು, ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗೆ ಫ್ರೇಮಿನ ಮುಂಭಾಗದ ಗಿಡ್ಡ ಕೊಳವೆ) ಸುತ್ತಿಸಿ, ಇನ್ನೊಂದು ಬದಿಗೆ ಬಿಗಿಯಾಗಿ ಕಟ್ಟಬೇಕು. ಸೀಟಿನ ಕೆಳಗಿನ ಕೊಳವೆ, ಅಂದರೆ ಸೀಟ್ ಟ್ಯೂಬ್‌ನಿಂದ ದಾರಕ್ಕೆ ಎರಡೂ ಕಡೆ ಎಷ್ಟು ದೂರ ಅಂತ ನೋಡಬೇಕು. ನನಗೆ ಬಂದ ವ್ಯತ್ಯಾಸ 1 ಮಿ.ಮೀ. ಅಷ್ಟಕ್ಕೆ ಪರವಾಗಿಲ್ಲ. ಆಮೇಲೆ ಹೆಡ್ ಟ್ಯೂಬ್ ಹಿಂದೆ, ಅಲ್ಲಿಂದ ಪೆಡಲ್ ಕಡೆಗೆ ಇಳಿಯುವ ಡೌನ್ ಟ್ಯೂಬ್ ಅಡಿಯಲ್ಲಿ ಬೆರಳಾಡಿಸಿ. ಬಣ್ಣ ಸುಕ್ಕಾಗಿದ್ದರೆ, ಲೋಹ ಉಬ್ಬಿದ್ದರೆ ಆ ಫ್ರೇಮ್ ಆಸೆ ಬಿಡಿ. ನನ್ನದು ನುಣುಪಾಗಿತ್ತು.

ಮುಂದಿನ ಚಕ್ರವನ್ನು ಎಡಬಲ ಅದಲುಬದಲು ಮಾಡಿ ಹಾಕಿದರೂ ರಿಮ್ ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲು) ಎಡಗಾಲಿನ ಹತ್ತಿರವೇ ಕೂತಿತು. ಅಂದರೆ ಬಾಗಿದ್ದು ಫೋರ್ಕ್. ಅದನ್ನು ನೇರ ಮಾಡಿಸಲು ಹೋಗಲಿಲ್ಲ. ದಾರಿಯಲ್ಲಿ ಮುರಿದರೆ ಮುಖವೇ ಮೊದಲು ನೆಲಕ್ಕೆ, ಅಲ್ವಾ? ಅದೇ ಅಳತೆಯ ಹೊಸದು ಹಾಕಿದೆ. ಮೊದಲು ಸ್ಟೆಮ್ (ಹ್ಯಾಂಡಲ್ ಅನ್ನು ಫೋರ್ಕಿಗೆ ಕೂಡಿಸುವ ತುಂಡು) ಮೇಲಿನ ಕ್ಯಾಪ್ ಬೋಲ್ಟ್ ಬಿಗಿ ಮಾಡಿದೆ, ಅದೂ ಅಲುಗಾಟ ಹೋಗುವಷ್ಟೇ. ಆಮೇಲೆ ಸ್ಟೆಮ್ ಪಕ್ಕದ ಬೋಲ್ಟ್‌ಗಳು, ಅದರ ಮೇಲೇ ಬರೆದಿದ್ದ 5 ನ್ಯೂಟನ್ ಮೀಟರ್‌ಗೆ. ಕ್ರಮ ಉಲ್ಟಾ ಆದರೆ ಅಲುಗಾಟ ಹೋಗುವುದೇ ಇಲ್ಲ.

ಈಗ ನೇರ ಓಡುತ್ತಿದೆ. ಕಾರ್ಬನ್ ಫ್ರೇಮ್‌ಗೆ ಮಾತ್ರ ಈ ದಾರದ ಲೆಕ್ಕ ಸಾಲದು, ಒಳಬಿರುಕು ಇದರಲ್ಲಿ ಸಿಗುವುದಿಲ್ಲ.