ಚಿತ್ರದ ಕ್ಲಾಸಲ್ಲಿ ಪಾಡ್‌ಕಾಸ್ಟ್: ಕಾರವಾರದಲ್ಲಿ ನಾನು ಮಾಡಿದ್ದು

ಡಿಜಿಟಲ್ ಆರ್ಟ್ಸ್ ಮಕ್ಕಳಿಗೆ ಪಾಡ್‌ಕಾಸ್ಟ್ ಅಂದ ಕೂಡ್ಲೇ ನಮ್ಮಂಥ ಮೇಷ್ಟ್ರುಗಳು ಮಾಡೋದು ಒಂದೇ, ನಮ್ಮ ಲೆಕ್ಚರ್ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕೋದು. ನಾನೂ ಹಾಕ್ತೀನಿ, ಅಂಕೋಲಾದಿಂದ ಬಸ್ಸಲ್ಲಿ ಬರೋರು ಪರೀಕ್ಷೆ ಹೊತ್ತಿಗೆ ಕಿವಿಗೆ ಹಾಕ್ಕೊಂಡು ಬರ್ತಾರೆ, ಅಷ್ಟರ ಮಟ್ಟಿಗೆ ಉಪಯೋಗ. ಆದ್ರೆ ಕಲಿಕೆ ಅಂತ ನನ್ನ ಕಣ್ಣಿಗೆ ಕಂಡಿದ್ದು ಅವರನ್ನೇ ಮಾತಾಡಿಸೋಕೆ ಶುರು ಮಾಡಿದ ಮೇಲೆ.

ಕೊಟ್ಟ ಕೆಲಸ ಇಷ್ಟೇ. ತಾನು ಮಾಡಿದ ಚಿತ್ರನೋ ಆನಿಮೇಷನ್ನಿನ ಒಂದು ಫ್ರೇಮೋ ತಗೊಂಡು, ಅದನ್ನ ನೋಡಿರದವರಿಗೆ ಐದು ನಿಮಿಷದಲ್ಲಿ ಬರೀ ಮಾತಲ್ಲಿ ಹೇಳ್ಬೇಕು. ಇನ್ನೊಬ್ರು ಆ ಆಡಿಯೋ ಕೇಳಿ ಬಿಡಿಸ್ಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು.

ಒಬ್ಳು ಬೈತಖೋಲ ಬಂದರಿನ ಮೀನುದೋಣಿ ಪೋಸ್ಟರ್ ಮಾಡಿದ್ಲು. ಆಡಿಯೋದಲ್ಲಿ "ನೀಲಿ ದೋಣಿ, ಎಡಕ್ಕೆ ವಾಲಿದೆ, ಹಿಂದೆ ಸೂರ್ಯ ಮುಳುಗ್ತಿದೆ, ನೋಡೋಕೆ ಸಖತ್ತಾಗಿದೆ" ಅಂತ ಇತ್ತು. ಬಿಡಿಸೋಕೆ ಕೂತ ಹುಡುಗ ಪೆನ್ನು ಕೆಳಗಿಟ್ಟು, ಯಾರ ಎಡ, ನೋಡೋರ ಎಡವೋ ದೋಣೀಲಿ ಕೂತವರ ಎಡವೋ, ನೀಲಿ ಅಂದ್ರೆ ಟಾರ್ಪಾಲಿನ ನೀಲಿನೋ ಶಾಯಿ ನೀಲಿನೋ, ಸೂರ್ಯ ಹಿಂದಿದ್ರೆ ದೋಣಿ ನಮ್ ಕಡೆ ಕಪ್ಪಗೆ ಕಾಣ್ಬೇಕಲ್ವಾ ಅಂತ ಕೇಳ್ತಾನೇ ಹೋದ. ಇವ್ಳು ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ಪೋಸ್ಟರಲ್ಲಿ ದೋಣಿ ಮುಂಭಾಗ ನಡುಮಧ್ಯಾಹ್ನದ ಥರ ಬೆಳಗ್ತಾ ಇದೆ! ಸ್ಕ್ರಿಪ್ಟ್ ತಿದ್ದೋಕೆ ಕೂತವ್ಳು ಚಿತ್ರನೇ ತಿದ್ದಿದ್ಲು. ಇದನ್ನೇ ನಾನು ಕ್ಲಾಸಲ್ಲಿ ಹೇಳಿದ್ರೆ "ಹೂಂ ಸರ್" ಅಂತ ತಲೆ ಆಡಿಸಿ ಊಟಕ್ಕೆ ಹೋಗೋರು.

ಇಲ್ಲಿ ಸುಮಾರು ಮಕ್ಕಳ ಮನೆಮಾತು ಕೊಂಕಣಿ. ಬೇಕಾದ್ರೆ ಕೊಂಕಣೀಲೇ ಹೇಳಿ, ಬಿಡಿಸೋರಿಗೆ ತಿಳಿದ್ರೆ ಸಾಕು ಅಂದೆ. ಕಾಂಟ್ರಾಸ್ಟ್, ಕಾಂಪೋಸಿಷನ್ ಅಂತ ಗೈಡಿನ ಪದ ಉರು ಹೊಡೀತಿದ್ದೋರು ಹಳೇ ಹಂಚಿನ ಕೆಂಪು, ಮಳೆಗಾಲದ ಗೋಡೆ ಪಾಚಿಯ ಹಸಿರು ಅಂತೆಲ್ಲ ಹೇಳೋಕೆ ಶುರು ಮಾಡಿದ್ರು, ಅದು ನನಗೆ ಜಾಸ್ತಿ ಖುಷಿ ಕೊಟ್ಟಿದ್ದು.

ಇನ್ನು ಸಾಮಾನು. ಮೊಬೈಲೇ ಸಾಕು, ಬಾಯಿಂದ ಒಂದು ಗೇಣು ದೂರ ಸ್ವಲ್ಪ ಓರೆಯಾಗಿ ಹಿಡೀರಿ, ನೇರ ಹಿಡಿದ್ರೆ ಪ, ಬ ಬಂದಾಗೆಲ್ಲ ಉಸಿರು ಬಡಿದು ಡಬ್ ಡಬ್ ಅನ್ನುತ್ತೆ. ಎಡಿಟಿಂಗಿಗೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್, ಫ್ರೀ. ಮಾತು ಶುರು ಮಾಡೋ ಮುಂಚೆ ನಾಲ್ಕೈದು ಸೆಕೆಂಡ್ ಸುಮ್ನಿರಿ. ಆ ಖಾಲಿ ತುಂಡನ್ನ ಸೆಲೆಕ್ಟ್ ಮಾಡಿ, ಗದ್ದಲ ಕಡಿಮೆ ಮಾಡೋ ನಾಯ್ಸ್ ರಿಡಕ್ಷನ್ನಿನಲ್ಲಿ ಅದನ್ನ ನಾಯ್ಸ್ ಪ್ರೊಫೈಲ್ ಅಂತ, ಅಂದ್ರೆ ಗದ್ದಲದ ಮಾದರಿ ಅಂತ ಕೊಟ್ಟು, ಆಮೇಲೆ ಪೂರ್ತಿ ಟ್ರ್ಯಾಕಿಗೆ ಹಾಕಿದ್ರೆ ಫ್ಯಾನಿನ ಗುಂಯ್ ಸುಮಾರು ಹೋಗುತ್ತೆ, ಯಾಕಂದ್ರೆ ಅದು ಒಂದೇ ಸಮ ಬರೋ ಸದ್ದು. ತಗಡಿನ ಮೇಲೆ ಬೀಳೋ ಮಳೆ ಹೋಗಲ್ಲ, ಅದು ಹೆಚ್ಚು ಕಡಿಮೆ ಆಗ್ತಾ ಇರುತ್ತಲ್ಲ. ನಾಯ್ಸ್ ರಿಡಕ್ಷನ್ ಜಾಸ್ತಿ ಮಾಡಿದ್ರೆ ಧ್ವನಿ ಬಾವಿಯೊಳಗಿಂದ ಬಂದಂಗೆ ಕೇಳುತ್ತೆ. ಜೂನ್ ಜುಲೈನಲ್ಲಿ ನಮ್ಮೂರ ಮಳೆಗೆ ಒಂದೇ ಉಪಾಯ, ಕಂಬಳಿ ಹೊದ್ದು ಒಳಗೆ ಕೂತು ಮಾತಾಡೋದು. ಸೆಕೆ ಆಗುತ್ತೆ, ಏನ್ಮಾಡೋದು.

ಫೈಲನ್ನ ಮೋನೋ (ಒಂದೇ ಚಾನೆಲ್), 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಮಾಡಿಸ್ತೀನಿ. ನಿಮಿಷಕ್ಕೆ ಅರ್ಧ ಎಂಬಿ ಕೂಡ ಆಗಲ್ಲ, ಕುಗ್ಗಿಸದ ವೇವ್ ಫೈಲ್ ಆದ್ರೆ ಮೋನೋನೇ 5 ಎಂಬಿ ದಾಟುತ್ತೆ. ಜೋಯಿಡಾ ಕಡೆ ಮನೆ ಇರೋರಿಗೆ ಗುಡ್ಡ ಹತ್ತಿದ್ರೆ ನೆಟ್‌ವರ್ಕು, ಅವರಿಗೆ ಇದೇ ದೊಡ್ಡ ವಿಷಯ.

ಮಾರ್ಕ್ಸು ಧ್ವನಿ ಚೆಂದಕ್ಕೆ ಅಲ್ಲ. ಮೊದಲ ಸ್ಕ್ರಿಪ್ಟು, ಇನ್ನೊಬ್ರು ಬಿಡಿಸಿದ ಚಿತ್ರ, ತಿದ್ದಿದ ಸ್ಕ್ರಿಪ್ಟು, ಜೊತೆಗೆ ಆಡಾಸಿಟಿ ಪ್ರಾಜೆಕ್ಟ್ ಫೈಲು (ಎಡಿಟಿಂಗ್ ಮಾಡಿದ ಮೂಲ ಫೈಲು), ಇಷ್ಟೂ ಕೊಡ್ಬೇಕು. ಪ್ರಾಜೆಕ್ಟ್ ಫೈಲ್ ಕೇಳಲಿಲ್ಲ ಅಂದ್ರೆ ಎಐ ಧ್ವನೀಲಿ ಓದಿಸಿ ಕಳಿಸಿಬಿಡ್ತಾರೆ, ಭಾರಿ ಹುಷಾರು ನಮ್ಮ ಹುಡುಗ್ರು.