ಸುಮೇರಿಯನ್ ನಾಗರಿಕತೆಯನ್ನು ನೀರಿನ ಜಾಡು ಹಿಡಿದು ಓದುವ ಬಗೆ

ಸುಮಾರು ಐದು ಸಾವಿರ ವರ್ಷಗಳ ಹಿಂದೆ ಇಂದಿನ ಇರಾಕಿನಲ್ಲಿ ನಗರಗಳನ್ನು ಕಟ್ಟಿ ಬಾಳಿದ ಸುಮೇರಿಯನ್ನರ ಇತಿಹಾಸವನ್ನು ಅರಸರ ಪಟ್ಟಿಯಿಂದ ಆರಂಭಿಸಿದರೆ ಹೆಸರುಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ. ಆದ್ದರಿಂದ ಮೊದಲು ಇರಾಕಿನ ದಕ್ಷಿಣ ಭಾಗದ ಭೂಪಟವನ್ನು ಎದುರಿಗಿಟ್ಟುಕೊಂಡು ಟೈಗ್ರಿಸ್ ಮತ್ತು ಯೂಫ್ರಟಿಸ್ ನದಿಗಳನ್ನು ಗುರುತಿಸಿ, ಎರಿದು, ಉರ್, ಉರುಕ್, ನಿಪ್ಪುರ್, ಉಮ್ಮಾ, ಲಗಾಶ್ ನಗರಗಳಿಗೆ ಚುಕ್ಕೆ ಇಡಿ. ಇವುಗಳಲ್ಲಿ ಹಲವು ನದಿಯಿಂದ ದೂರದ ಒಣ ಬಯಲಿನಲ್ಲಿ ಬೀಳುತ್ತವೆ. ಯೂಫ್ರಟಿಸ್ ಅಂದಿನಿಂದ ತನ್ನ ಪಾತ್ರವನ್ನು ಬದಲಿಸಿದೆ, ಪರ್ಷಿಯನ್ ಕೊಲ್ಲಿಯ ತೀರವೂ ಆಗ ಇಂದಿಗಿಂತ ಉತ್ತರಕ್ಕಿತ್ತು. ಹಳೆಯ ನದಿಪಾತ್ರಗಳನ್ನೂ ಜೌಗು ನೆಲವನ್ನೂ ತೋರಿಸುವ ಭೂಪಟ ಸಿಕ್ಕರೆ ಅದನ್ನೇ ಬಳಸಿ.

ಆಮೇಲೆ ಮಳೆ, ನೆರೆ ಮತ್ತು ಬೇಸಾಯದ ತಿಂಗಳುಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಳ್ಳಿ. ನನ್ನ ಮಟ್ಟಿಗೆ ಇಡೀ ಅಧ್ಯಯನದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇನ್ನೊಂದಿಲ್ಲ. ಇಲ್ಲಿ ವರ್ಷಕ್ಕೆ 200 ಮಿಲಿಮೀಟರಿಗಿಂತ ಕಡಿಮೆ ಮಳೆಯಾಗುವುದರಿಂದ ಮಳೆಯನ್ನೇ ನಂಬಿ ಬೆಳೆ ತೆಗೆಯುವಂತಿಲ್ಲ. ಬಿತ್ತನೆ ನಡೆಯುವ ಶರತ್ಕಾಲದಲ್ಲಿ ನದಿಗಳು ಬಡವಾಗಿರುತ್ತವೆ. ಉತ್ತರದ ಬೆಟ್ಟಗಳ ಹಿಮ ಕರಗಿ ನೆರೆ ಏರುವ ಏಪ್ರಿಲ್–ಮೇ ತಿಂಗಳುಗಳಲ್ಲಿ ಹೊಲದಲ್ಲಿ ಪೈರು ಕೊಯ್ಲಿಗೆ ನಿಂತಿರುತ್ತದೆ. ನೈಲ್ ನದಿಯ ನೆರೆ ಬಿತ್ತನೆಗೆ ಮುಂಚೆ ಬಂದು ಹೊಲವನ್ನು ಹದಗೊಳಿಸಿ ಇಳಿಯುತ್ತಿತ್ತು. ಸುಮೇರಿಯನ್ನರಿಗೆ ಆ ಅನುಕೂಲವಿರಲಿಲ್ಲ. ಬೇಕಾದಾಗ ನೀರನ್ನು ತರಿಸಿಕೊಳ್ಳುವುದು ಮತ್ತು ಬೇಡವಾದಾಗ ತಡೆದು ನಿಲ್ಲಿಸುವುದು, ಇವೆರಡೂ ಅವರ ಪಾಲಿಗೆ ಬಿದ್ದ ಕೆಲಸಗಳು.

ಈಗ ನದಿಯ ಅಡ್ಡಸೀಳಿಕೆಯನ್ನು ಕಾಗದದ ಮೇಲೆ ಬಿಡಿಸಿ. ಯೂಫ್ರಟಿಸ್ ಹೊತ್ತು ತರುವ ಹೂಳು ಪಾತ್ರದಲ್ಲೂ ದಡದಲ್ಲೂ ಕೂಡಿಕೊಂಡು, ನದಿಯು ಸುತ್ತಲಿನ ಬಯಲಿಗಿಂತ ತುಸು ಎತ್ತರದಲ್ಲಿ ಹರಿಯುತ್ತದೆ. ದಡದ ಏರಿಯನ್ನು ಒಂದೆಡೆ ಕಡಿದರೆ ಸಾಕು, ಎತ್ತುವ ಶ್ರಮವಿಲ್ಲದೆ ನೀರು ತಾನಾಗಿ ಹೊಲಕ್ಕೆ ಇಳಿಯುತ್ತದೆ. ಅದೇ ಏರಿ ನೆರೆಯಲ್ಲಿ ಒಡೆದರೆ ನೀರನ್ನು ಹಿಂದಕ್ಕೆ ಕಳಿಸುವ ದಾರಿಯಿಲ್ಲ. ಕಾಲುವೆಗಳಲ್ಲೂ ಹೂಳು ತುಂಬುವುದರಿಂದ ಅದನ್ನು ಮತ್ತೆ ಮತ್ತೆ ಎತ್ತಲೇಬೇಕು. ಆ ಕೆಲಸಕ್ಕೆ ಆಳುಗಳನ್ನು ಕೂಡಿಸಿ, ಅವರಿಗೆ ಬಾರ್ಲಿ ಅಳೆದು ಕೊಟ್ಟು, ಲೆಕ್ಕ ಇಡುವವರೂ ಬೇಕು. ಕ್ರಿ.ಪೂ. 3200ರ ಸುಮಾರಿಗೆ ಉರುಕ್‌ನಲ್ಲಿ ಬರೆದ ಮಣ್ಣಿನ ಫಲಕಗಳಲ್ಲಿ ಹೆಚ್ಚಿನವು ಧಾನ್ಯ, ಕುರಿ ಮತ್ತು ಆಳುಗಳ ಲೆಕ್ಕಗಳೇ ಆಗಿರುವುದನ್ನು ಇದರೊಂದಿಗೆ ಇಟ್ಟು ನೋಡಿ. ಹಾಗೆಂದು ನೀರಾವರಿಯೇ ಅರಸೊತ್ತಿಗೆಯನ್ನು ಹುಟ್ಟಿಸಿತು ಎಂದು ಅವಸರದಿಂದ ತೀರ್ಮಾನಿಸಬೇಡಿ. ಚಿಕ್ಕ ಕಾಲುವೆಗಳನ್ನು ಊರಿನವರೇ ಸೇರಿ ನಡೆಸಬಲ್ಲರು.

ನೀರಿನ ಜಗಳವನ್ನು ಅರಿಯಲು ಉಮ್ಮಾ ಮತ್ತು ಲಗಾಶ್ ನಗರಗಳನ್ನು ಆರಿಸಿಕೊಳ್ಳಿ. ಗುಎದೆನ್ನ ಎಂಬ ಫಲವತ್ತಾದ ಬಯಲಿಗಾಗಿ ಅವು ತಲೆಮಾರುಗಳ ಕಾಲ ಕಾದಾಡಿದವು. ಲಗಾಶ್‌ನ ದೊರೆ ಎಅನ್ನಾತುಮ್ ಕ್ರಿ.ಪೂ. 2450ರ ಸುಮಾರಿಗೆ ತನ್ನ ಗೆಲುವನ್ನು ಕಲ್ಲಿನಲ್ಲಿ ಕೆತ್ತಿಸಿದನು. ಅವನ ನಂತರ ಲಗಾಶ್ ಆಳಿದ ಎಂತೆಮೆನನ ಶಾಸನವು ಉಮ್ಮಾದ ದೊರೆ ಗಡಿ ಕಾಲುವೆಯ ನೀರನ್ನು ತಿರುಗಿಸಿದನೆಂದು ದೂರುತ್ತದೆ.

ಕಲ್ಲು, ಲೋಹ, ಒಳ್ಳೆಯ ಮರ ಈ ಮೆಕ್ಕಲು ನೆಲದಲ್ಲಿ ಸಿಗುವುದಿಲ್ಲ. ಆದುದರಿಂದ ಮನೆಗಳಿಗೆ ಹಸಿ ಇಟ್ಟಿಗೆ ಮತ್ತು ಜೊಂಡು ಬಳಕೆಯಾದವು. ತಾಮ್ರ ಇಂದಿನ ಒಮಾನ್ ಕಡೆಯಿಂದ ಬಂತು.

ಕೊನೆಯಲ್ಲಿ ಮಣ್ಣನ್ನು ಗಮನಿಸಿ. ಬಸಿಗಾಲುವೆಯಿಲ್ಲದ ಸಮತಟ್ಟಾದ ಹೊಲಕ್ಕೆ ನೀರು ಹಾಯಿಸುತ್ತ ಹೋದರೆ ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಉಳಿದು ನೆಲ ಚೌಳಾಗುತ್ತದೆ. ಗೋಧಿಗಿಂತ ಬಾರ್ಲಿ ಉಪ್ಪನ್ನು ಹೆಚ್ಚು ತಾಳಿಕೊಳ್ಳುವುದರಿಂದ, ಫಲಕಗಳ ಅನುವಾದ ಓದುವಾಗ ಈ ಎರಡು ಬೆಳೆಗಳ ಪ್ರಮಾಣವನ್ನು ಕಾಲಾನುಕ್ರಮದಲ್ಲಿ ಟಿಪ್ಪಣಿ ಮಾಡಿಕೊಳ್ಳಿ. ಸುಮೇರಿಯನ್ ನಗರಗಳ ಪತನಕ್ಕೆ ಚೌಳು ಎಷ್ಟು ಕಾರಣ ಎಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದನ್ನು ಯುದ್ಧ ಮತ್ತು ನದಿಯ ದಿಕ್ಕು ಬದಲಾವಣೆಗಳ ಜೊತೆಗಿಟ್ಟೇ ತೂಗಬೇಕು.