ಚಾಸಿಗೆ ಕಟ್ಟರ್ ತಾಗಿಸದೆ ರೋಡ್‌ಕಿಂಗನ್ನು ಲಾಂಗ್ ರೈಡಿಗೆ ತಯಾರು ಮಾಡಿದ್ದು

ಮೈಸೂರಿನಲ್ಲಿ ಯೆಜ್ಡಿ ಬೈಕ್ ಇಟ್ಟುಕೊಂಡವರಿಗೆ ಒಂದು ಅನುಕೂಲ, ಒಂದು ಕಾಟ. ಅನುಕೂಲ ಏನೆಂದರೆ ಗಾಡಿ ಹುಟ್ಟಿದ ಊರೇ ಇದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಮೊದಲು ಜಾವಾ ಹೊರಬಂತು, ಆಮೇಲೆ ಯೆಜ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಅಲ್ಲಿ ದುಡಿದವರು, ಅವರ ಕೈಕೆಳಗೆ ಕೆಲಸ ಕಲಿತವರು ಊರಲ್ಲಿ ಇನ್ನೂ ಸಿಗುತ್ತಾರೆ. ಕಾಟ ಏನೆಂದರೆ ಇಲ್ಲಿ ಎಲ್ಲರಿಗೂ ಯೆಜ್ಡಿ ಗೊತ್ತು. ಆರ್‌ಟಿಓ ಸರ್ಕಲ್ ಸಿಗ್ನಲ್‌ನಲ್ಲಿ ನಿಂತರೆ ಪಕ್ಕದ ಸ್ಕೂಟರಿನವರು ಬಗ್ಗಿ ನೋಡಿ, "ಸಾರ್, ಹ್ಯಾಂಡಲ್ ಒರಿಜಿನಲ್ ಅಲ್ಲ ಅಲ್ವಾ?" ಎಂದು ಕೇಳುತ್ತಾರೆ.

ಅಲ್ಲ. ಬೇಕೆಂದೇ ಬದಲಾಯಿಸಿದ್ದು. ಸೀಟು, ಲೈಟು, ಕನ್ನಡಿ, ಕ್ಯಾರಿಯರ್ ಕೂಡ ಒರಿಜಿನಲ್ ಅಲ್ಲ. ಜುಲೈನ ಜಾವಾ-ಯೆಜ್ಡಿ ಹಬ್ಬದಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವುದಕ್ಕೆ ನಾನು ಈ ಗಾಡಿ ಮಾಡಿಸಲಿಲ್ಲ. ನಾನು, ನನ್ನ ಹೆಂಡತಿ ಇಬ್ಬರೂ ಕೂತು ಮಡಿಕೇರಿಗೋ ಮೇಲುಕೋಟೆಗೋ ಗೋಪಾಲಸ್ವಾಮಿ ಬೆಟ್ಟಕ್ಕೋ ಹೋಗಿ, ಸಂಜೆ ಸೊಂಟ ಹಿಡಿದುಕೊಳ್ಳದೆ ಮನೆಗೆ ಬರಬೇಕು. ಬೇಕಾಗಿದ್ದು ಅಷ್ಟೇ. ಒಂದು ಕಟ್ಟುಪಾಡು ಮಾತ್ರ ಹಾಕಿಕೊಂಡೆ: ಗಾಡಿಯ ಚೌಕಟ್ಟಾದ ಚಾಸಿಗೆ ಕಟ್ಟರ್ ತಾಗಿಸಬಾರದು, ವೆಲ್ಡಿಂಗ್ ಮಾಡಿಸಬಾರದು. ಸೇರಿಸಿದ್ದೆಲ್ಲ ಸ್ಪ್ಯಾನರ್‌ನಲ್ಲಿ ಬಿಚ್ಚಿಕೊಂಡು ಬರಬೇಕು. ಬಿಚ್ಚಿದ ಹಳೇ ಸಾಮಾನಿಗೆಲ್ಲ ಗ್ರೀಸ್ ಬಳಿದು, ಪೇಪರ್ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಗಾಡಿ ನಮ್ಮ ಮಾವನವರದ್ದು. ಯೆಜ್ಡಿಯ ರೋಡ್‌ಕಿಂಗ್ ಮಾಡೆಲ್, 1987ರದ್ದು, 6 ವೋಲ್ಟಿನದು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, 250 ಸಿಸಿ ಟೂ ಸ್ಟ್ರೋಕ್, 16 ಕುದುರೆ ಶಕ್ತಿ, ನಾಲ್ಕು ಗೇರು. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಈಗಿನ ಹುಡುಗರು ಇದನ್ನು ನೋಡಿ ಬೆರಗಾಗುತ್ತಾರೆ. ಮಾವ ಓಡಿಸುವುದು ಬಿಟ್ಟ ಮೇಲೆ ಶೆಡ್ಡಿನಲ್ಲಿ ತೆಂಗಿನಕಾಯಿ ಮೂಟೆಗಳ ಹಿಂದೆ ನಿಂತಿತ್ತು.

ಹಳೇ ಗಾಡಿಯನ್ನು ಆರಾಮ ಮಾಡಬೇಕು ಅಂದಾಗ ಜಾಸ್ತಿ ಜನ ನೇರ ಸೀಟಿಗೂ ಹ್ಯಾಂಡಲ್ಲಿಗೂ ಕೈ ಹಾಕುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. ಮೊದಲು ಎಂಜಿನ್, ಆಮೇಲೆ ಗಾಡಿಯಲ್ಲಿ ಎಲ್ಲೆಲ್ಲಿ ಆಟ, ಅಂದರೆ ಸಡಿಲ, ಇದೆಯೋ ಅದು, ಆಮೇಲೆ ಮೈ ತಾಗುವ ಜಾಗಗಳು. ಎಂಜಿನ್ ನಡುಗುತ್ತಿದ್ದರೆ, ಹಿಂದಿನ ಚಕ್ರ ಅಡ್ಡಡ್ಡ ಅಲ್ಲಾಡುತ್ತಿದ್ದರೆ ಎಂಥ ಸೀಟು ಹಾಕಿಸಿ ಏನು ಬಂತು?

ಎಂಜಿನ್ ಕೆಲಸಕ್ಕೆ ನಾನು ಹಿಡಿದಿದ್ದು ಒಬ್ಬ ವಯಸ್ಸಾದ ಮೇಸ್ತ್ರಿಯನ್ನು. ಮನೆ ಮುಂದೆಯೇ ಗ್ಯಾರೇಜು, ಬೋರ್ಡ್ ಇಲ್ಲ. ಅವರು ಮೊದಲು ಗಾಡಿ ಸ್ಟಾರ್ಟ್ ಮಾಡಿ, ಚೆನ್ನಾಗಿ ಬಿಸಿಯಾಗುವವರೆಗೆ ಏನೂ ಮಾತಾಡದೆ ಹೊಗೆ ನೋಡುತ್ತಾ ಕೂತರು. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲಲಿಲ್ಲ. ಆಮೇಲೆ ಗೇರ್ ಆಯಿಲ್ ಇಳಿಸಿ ಅಳೆದರು. ಇರಬೇಕಾದದ್ದರ ಅರ್ಧವೂ ಇರಲಿಲ್ಲ. ಕೆಳಗೆ ನೆಲದ ಮೇಲೆ ಒಂದು ಹನಿ ಸೋರಿಲ್ಲ. "ಎಲ್ಲಿಗೋಯ್ತು ಹೇಳಿ ಸಾರ್? ಎಂಜಿನ್ನೇ ಕುಡೀತಾ ಇದೆ."

ಟೂ ಸ್ಟ್ರೋಕ್ ಗಾಡಿಯ ಗುಟ್ಟು ಇಲ್ಲಿದೆ. ಪೆಟ್ರೋಲ್ ಮತ್ತು ಗಾಳಿ ಮೊದಲು ಪಿಸ್ಟನ್ನಿನ ಕೆಳಗೆ ತಿರುಗುವ ದಂಡ, ಅಂದರೆ ಕ್ರಾಂಕ್, ಇರುವ ಕೋಣೆಗೆ ಬಂದು, ಅಲ್ಲಿ ಒತ್ತಡ ಹೆಚ್ಚಾಗಿ ಸಿಲಿಂಡರಿಗೆ ಹೋಗಬೇಕು. ಆ ಕೋಣೆ ಗಾಳಿಯಾಡದ ಹಾಗೆ ಇರಬೇಕಾದರೆ ಕ್ರಾಂಕಿನ ಎರಡೂ ಕಡೆಯ ಆಯಿಲ್ ಸೀಲ್ ಸರಿ ಇರಬೇಕು. ಗಾಡಿ ವರ್ಷಗಟ್ಟಲೆ ನಿಂತರೆ ಸೀಲಿನ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಹೊಗೆ. ಡೈನಮೊ ಕಡೆಯದು ಹೋದರೆ ಬರೀ ಗಾಳಿ ಎಳೆದುಕೊಂಡು, ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ. ಎರಡನೆಯದು ಅಪಾಯ. ಹೊಗೆ ಕಾಣುವುದಿಲ್ಲ, ಎಂಜಿನ್ ಸುಮ್ನೆ ಕಾದು ಕಾದು ಒಂದು ದಿನ ರಸ್ತೆ ಮಧ್ಯೆ ಜಾಮ್ ಆಗುತ್ತದೆ. ಎಷ್ಟೋ ಜನ ಇದನ್ನು ಕಾರ್ಬೊರೇಟರ್ ತೊಂದರೆ ಅಂದುಕೊಂಡು ಜೆಟ್ ಬದಲಾಯಿಸುತ್ತಾ ಕೂರುತ್ತಾರೆ.

ಎಂಜಿನ್ ಬಿಚ್ಚಿದ ಮೇಲೆ ಸೀಲ್ ಮಾತ್ರ ಹಾಕಿ ಮುಚ್ಚುವುದರಲ್ಲಿ ಅರ್ಥವಿಲ್ಲ. ಕ್ರಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡ್ ಕಿಟ್, ಸಿಲಿಂಡರ್ ಒಳಗೆ ಕೊರೆದು ನಯ ಮಾಡುವ ಬೋರಿಂಗ್, ಹೊಸ ಪಿಸ್ಟನ್, ಎಲ್ಲವೂ ಒಟ್ಟಿಗೇ ಆಯಿತು. ಕ್ರಾಂಕ್ ಪ್ರೆಸ್ ಮಾಡಿದ ಮೇಲೆ ಡಯಲ್ ಗೇಜ್ ಇಟ್ಟು ನೇರ ಇದೆಯಾ ಎಂದು ತಿರುಗಿಸಿ ನೋಡುವ ಲೇತಿನವರಿಗೇ ಕೊಡಿ. ಸುತ್ತಿಗೆಯಲ್ಲಿ ತಟ್ಟಿ, ಕಣ್ಣಳತೆಯಲ್ಲಿ "ಸರಿ ಇದೆ" ಅನ್ನುವವರ ಹತ್ತಿರ ಬೇಡ. ಇಲ್ಲಿ ಕೂದಲೆಳೆಯಷ್ಟು ವಾರೆ ಇದ್ದರೂ ಅದು ಮುಂದೆ ನಿಮ್ಮ ಅಂಗೈ ಜೋಮು ಹಿಡಿಸುತ್ತದೆ. ಕಾರ್ಕಿನ ಕ್ಲಚ್ ಪ್ಲೇಟುಗಳನ್ನು ಹಾಕುವ ಮುಂಚೆ ರಾತ್ರಿಯಿಡೀ ಆಯಿಲ್‌ನಲ್ಲಿ ನೆನೆಸಿದೆವು. ಬೋರಿಂಗ್ ಆದ ಮೇಲೆ ಮೊದಲ 500 ಕಿಲೋಮೀಟರ್ 50ರ ಒಳಗೇ ಓಡಿಸಿದೆ. ಬೇಜಾರೇ, ಆದರೆ ಮಾಡಬೇಕು.

ಸೈಲೆನ್ಸರ್ ವಿಷಯ ಹೇಳಲೇಬೇಕು. ಯೆಜ್ಡಿ ಸೈಲೆನ್ಸರಿನ ಬಾಲದ ಕಡೆಯಿಂದ ಬ್ಯಾಫಲ್, ಅಂದರೆ ಸದ್ದು ತಗ್ಗಿಸುವ ತೂತಿನ ಕೊಳವೆ, ಬಿಚ್ಚಿ ಹೊರಗೆ ಎಳೆಯಬಹುದು. ನಮ್ಮದು ಎಳೆದರೆ ಬರಲಿಲ್ಲ. ಡೀಸೆಲ್ ಬಿಟ್ಟು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ತಿರುಚಿ ತಿರುಚಿ ಎಳೆದಾಗ ಬಂತು. ತೂತುಗಳೇ ಕಾಣದ ಹಾಗೆ ತಳ ಹಿಡಿದ ಹಾಲಿನ ಪಾತ್ರೆಯಂತೆ ಕರಿ ಕಟ್ಟಿತ್ತು. ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸಿಟ್ಟು, ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬಳಸಬೇಡಿ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಬ್ಯಾಫಲ್ ಚೊಕ್ಕಟವಾದ ಮೇಲೆ ಏರಿನಲ್ಲಿ ಗಾಡಿ ಎಳೆಯುವ ರೀತಿಯೇ ಬೇರೆ ಆಯಿತು. ಬ್ಯಾಫಲ್ ತೆಗೆದೇಬಿಟ್ಟು ಸದ್ದು ಮಾಡಿಕೊಂಡು ಓಡಾಡುವವರಿದ್ದಾರೆ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರಿನ ಹಿಂದೊತ್ತಡವೂ ಎಂಜಿನ್ನಿನ ಒಂದು ಭಾಗ. ತೆಗೆದರೆ ಸದ್ದು ಜಾಸ್ತಿ, ಎಳೆತ ಕಡಿಮೆ.

ಇನ್ನು ಆಟ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವ ಹಾಗೆ ಮಾಡಿ, ಹ್ಯಾಂಡಲನ್ನು ಒಂದು ಬೆರಳಿನಲ್ಲಿ ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸಿ. ಸರಿ ನಡುವೆ ಬಂದಾಗ ಒಂದು ಗುಳಿಯಲ್ಲಿ ಕೂತ ಹಾಗೆ ನಿಂತರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಕೋನ್ ಸೆಟ್, ಹೋಗಿದೆ. ಬಾಲುಗಳು ಅಲ್ಲೇ ಕುಟ್ಟಿ ಕುಟ್ಟಿ ಹಳ್ಳ ಮಾಡಿರುತ್ತವೆ. ಎಷ್ಟು ಬಿಗಿ ಮಾಡಿದರೂ ಸರಿಯಾಗದು, ಸೆಟ್ಟೇ ಹೊಸದು ಹಾಕಬೇಕು. ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಕಟಕಟ ಅಂದರೆ ಚಕ್ರದ ಬೇರಿಂಗ್ ಅಥವಾ ಹಿಂದಿನ ಚಕ್ರ ಹಿಡಿದಿರುವ ತೋಳಿನ (ಸ್ವಿಂಗ್ ಆರ್ಮ್) ಬುಷ್ ಸವೆದಿದೆ. ನಮ್ಮದರಲ್ಲಿ ಎರಡೂ ಹೋಗಿದ್ದವು. ಬುಷ್ಷನ್ನು ಲೇತಿನಲ್ಲಿ ಮಾಡಿಸಿದೆ. ಕಡ್ಡಿಗಳನ್ನು ಬಿಗಿ ಮಾಡಿಸಿ ರಿಮ್ಮಿನ ವಾರೆ ತೆಗೆಸಿದೆ. ಎಂಜಿನ್ ಮೌಂಟಿಂಗ್ ಬೋಲ್ಟುಗಳನ್ನು ಒಂದೊಂದೇ ತೆಗೆದು ನೋಡಿದರೆ ಎರಡು ನಡುವೆ ಸವೆದು ಸಣ್ಣಗಾಗಿದ್ದವು. ಹೊಸ ಹೈ ಟೆನ್‌ಸೈಲ್ ಬೋಲ್ಟ್ ಹಾಕಿದ ಮೇಲೆ ಫುಟ್‌ರೆಸ್ಟಿನ ನಡುಕ ಅರ್ಧಕ್ಕರ್ಧ ಹೋಯಿತು. ಇಷ್ಟೂ ಕೆಲಸಕ್ಕೆ ಆದ ಖರ್ಚು ಕ್ರೋಮ್ ಹಾಕಿಸಿದ್ದಕ್ಕಿಂತ ಕಡಿಮೆ!

ಮುಂದಿನ ಫೋರ್ಕಿಗೆ ಹೊಸ ಸೀಲು, ಎರಡೂ ಕಾಲಿಗೆ ಅಳೆದು ಒಂದೇ ಸಮ ಆಯಿಲ್. ಹಿಂದಿನ ಶಾಕ್ಸ್ ರಿಪೇರಿ ಮಾಡಿಸಿ ಹಳೆಯದನ್ನೇ ಉಳಿಸಿಕೊಂಡೆ.

ಈಗ ಸೀಟು. ಹಳೇ ಫೋಮು ಕೈಯಲ್ಲಿ ಹಿಂಡಿದರೆ ಪುಡಿಯಾಗುತ್ತಿತ್ತು. ಕುಶನ್ ಕೆಲಸದವರು ಮೊದಲು ಒಂದು ಮೆತ್ತನೆ ಫೋಮ್ ತೋರಿಸಿದರು. ಅಂಗಡಿಯಲ್ಲಿ ಕೂತರೆ ಸ್ವರ್ಗ. ಆದರೆ ಮೆತ್ತನೆ ಸೀಟು ಅರ್ಧ ಗಂಟೆಗೆ ಪೂರ್ತಿ ಅಮುಕಿಕೊಂಡು, ಆಮೇಲೆ ನೀವು ಕೂತಿರುವುದು ತಗಡಿನ ಮೇಲೆಯೇ. ದೂರ ಹೋಗುವುದಕ್ಕೆ ಕೆಳಗೆ ಗಟ್ಟಿ ಫೋಮ್, ಮೇಲೆ ಒಂದೇ ಪದರ ಮೆತ್ತಗಿನದು ಇರಬೇಕು. ಕೂರುವ ಎರಡು ಮೂಳೆಗಳ ಕೆಳಗೆ ಸೀಟು ಅಗಲ ಹಾಗೂ ಚಪ್ಪಟೆ, ತೊಡೆ ಬರುವ ಕಡೆ ಸಣ್ಣ. ಹಾಗಾದರೆ ನಿಲ್ಲಿಸಿದಾಗ ಕಾಲೂ ನೆಲಕ್ಕೆ ಸಲೀಸಾಗಿ ಸಿಗುತ್ತದೆ. ನನ್ನ ಜಾಗದಿಂದ ಹಿಂದಿನ ಜಾಗಕ್ಕೆ ಒಂದು ಸಣ್ಣ ಮೆಟ್ಟಿಲು ಕೊಡಿಸಿದೆ. ರೆಕ್ಸಿನ್ ಹಾಕುವ ಮುಂಚೆಯೇ ಬರೀ ಫೋಮ್ ಕಟ್ಟಿಕೊಂಡು ಇಬ್ಬರೂ ನಂಜನಗೂಡಿಗೆ ಹೋಗಿಬಂದೆವು. ದೇವಸ್ಥಾನದ ಮುಂದೆ ಇಳಿದ ಕೂಡಲೇ ಹೆಂಡತಿ, "ರೀ, ನಿಮ್ಮ ಕಡೆ ಸೋಫಾ, ನನ್ನ ಕಡೆ ಹಲಗೆ" ಅಂದಳು. ಹಿಂದುಗಡೆ ಒಂದು ಪದರ ಕೆತ್ತಿಸಿ, ಮೆತ್ತನೆಯದು ಹಾಕಿಸಿ, ಆಮೇಲೆ ಹೊಲಿಗೆ ಮಾಡಿಸಿದ್ದು. ಹೊಲಿಗೆ ಆದ ಮೇಲೆ ತಿದ್ದುವುದಕ್ಕೆ ಡಬಲ್ ಖರ್ಚು.

ಹ್ಯಾಂಡಲ್ ಸ್ವಲ್ಪ ಎತ್ತರ, ತುದಿ ನನ್ನ ಕಡೆಗೆ ಬಾಗಿದ್ದು. ಮುಂದಕ್ಕೆ ಬಗ್ಗಿದರೆ ಮೈಭಾರ ಮಣಿಕಟ್ಟಿನ ಮೇಲೆ, ಜಾಸ್ತಿ ಹಿಂದಕ್ಕೆ ಒರಗಿದರೆ ಪೂರ್ತಿ ಬೆನ್ನೆಲುಬಿನ ಮೇಲೆ. ಕಣ್ಣು ಮುಚ್ಚಿ ಕೂತು ಕೈ ಚಾಚಿದರೆ ಹಿಡಿ ಎಲ್ಲಿ ಸಿಗುತ್ತದೋ ಅದೇ ಅಳತೆ. ಹ್ಯಾಂಡಲ್ ಎತ್ತರ ಆದರೆ ಕ್ಲಚ್, ಆಕ್ಸಿಲರೇಟರ್, ಬ್ರೇಕ್ ಕೇಬಲ್ ಎಲ್ಲವೂ ಉದ್ದ ಬೇಕು. ಗಾಡಿ ಸ್ಟಾರ್ಟ್ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಆಕ್ಸಿಲರೇಟರ್ ಮುಟ್ಟದೆ ಸದ್ದು ಏರಿದರೆ ಕೇಬಲ್ ಗಿಡ್ಡ ಎಂದು ಅರ್ಥ. ಸಂದಿಯಲ್ಲಿ ಯೂ ಟರ್ನ್ ತೆಗೆದುಕೊಳ್ಳುವಾಗ ಅದು ಬೀಳಿಸುತ್ತದೆ. ದೊಡ್ಡ ವಿಂಡ್‌ಶೀಲ್ಡ್ ಹಾಕಿಸಿ ಎಂದವರು ತುಂಬಾ ಜನ. 60-65ರಲ್ಲಿ ಹೋಗುವ ಗಾಡಿಗೆ ಅದು ಸುಮ್ನೆ ಭಾರ.

6 ವೋಲ್ಟಿನ ಹೆಡ್‌ಲೈಟ್ ಹಾಕಿಕೊಂಡು ಕತ್ತಲಲ್ಲಿ ಹುಣಸೂರು ರಸ್ತೆಯಲ್ಲಿ ಹೋಗುವುದು ಧೈರ್ಯದ ಕೆಲಸ, ನನಗೆ ಆ ಧೈರ್ಯ ಇಲ್ಲ. ಡೈನಮೊ ಅದೇ ಇಟ್ಟುಕೊಂಡು ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿ 12 ವೋಲ್ಟಿಗೆ ಬದಲಾಯಿಸಿದೆ. ಬ್ಯಾಟರಿ, ಇಗ್ನಿಷನ್ ಕಾಯಿಲ್, ಹಾರ್ನ್, ಬಲ್ಬ್ ಎಲ್ಲವೂ 12 ವೋಲ್ಟಿನವೇ ಆಗಬೇಕು. ಒಂದು ತೊಂದರೆ ಇದೆ. ಡೈನಮೊ ಕಡಿಮೆ ಆರ್‌ಪಿಎಂನಲ್ಲಿ ಚಾರ್ಜ್ ಮಾಡುವುದಿಲ್ಲ, ಸಿಟಿ ಟ್ರಾಫಿಕ್ಕಿನಲ್ಲಿ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಅದಕ್ಕೇ ಕಡಿಮೆ ಕರೆಂಟ್ ಎಳೆಯುವ ಎಲ್‌ಇಡಿ. ಕಿಡಿ ಯಾವಾಗ ಹಾರಬೇಕೆಂದು ಹೇಳುವ ಕಾಂಟ್ಯಾಕ್ಟ್ ಪಾಯಿಂಟ್ ಮಾತ್ರ ಹಳೆಯದೇ. 0.4 ಮಿಲಿಮೀಟರ್ ಗ್ಯಾಪ್ ಇಟ್ಟು, ಆಗಾಗ ಒರೆಸಿಕೊಂಡಿದ್ದರೆ ದಾರಿಯಲ್ಲಿ ಕೈಕೊಟ್ಟರೂ ನಾನೇ ಸರಿ ಮಾಡಿಕೊಳ್ಳಬಹುದು.

ಕಾಗದ ಪತ್ರದ ಮಾತು. 15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆರ್‌ಸಿಯಲ್ಲಿ ಬರೆದಿರುವುದಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಬಣ್ಣ ಬದಲಾಯಿಸಿದರೂ ಆರ್‌ಟಿಓದಲ್ಲಿ ನಮೂದಾಗಬೇಕು. ಅದಕ್ಕೇ ನಾನು ಪೇಂಟ್ ಮಾಡಿಸುವಾಗ ಆರ್‌ಸಿಯಲ್ಲಿದ್ದ ಕಪ್ಪನ್ನೇ ಉಳಿಸಿಕೊಂಡೆ.

ಓಡಿಸುವಾಗ ಎರಡು ವಿಷಯ ನೆನಪಿರಬೇಕು. ಈ ಎಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೇ. ನಾನು ಲೀಟರಿಗೆ 40 ಮಿಲಿ 2ಟಿ, ಅಂದರೆ ಟೂ ಸ್ಟ್ರೋಕ್ ಆಯಿಲ್, ಹಾಕುತ್ತೇನೆ. ಸಂಪಾಜೆ ಘಾಟಿಯಂಥ ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಒಮ್ಮೆ ಕೊಟ್ಟು ಬಿಡಬೇಕು. ಹಾಗಾಗಿ ಬ್ರೇಕಿನ ಮೇಲೇ ಭಾರ ಜಾಸ್ತಿ. ಡ್ರಮ್ ಬ್ರೇಕಿನ ಲೈನರ್ ಹೊಸದಿಲ್ಲದೆ ಘಾಟಿ ಕಡೆ ಮುಖ ಹಾಕಬೇಡಿ.

ಇನ್ನೊಂದು, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳೇ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಟ್ಯಾಂಕಿನ ತುಕ್ಕನ್ನು ವಿನಿಗರ್ ಮತ್ತು ಒಂದು ಹಿಡಿ ನಟ್ಟು ಹಾಕಿ ಕುಲುಕಿ ತೆಗೆದು, ಸೋಡಾ ಪುಡಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದ್ದೆ. ತೇವ ಸೇರಿದರೆ ಆ ಶ್ರಮ ಎಲ್ಲ ನೀರುಪಾಲು. ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವ ಜಾತಿಯದ್ದೇ ಹಾಕಿಸಿ. ವಾರಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ (ನಲ್ಲಿ) ಮುಚ್ಚಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಉರಿದು ಎಂಜಿನ್ ತಾನಾಗೇ ನಿಲ್ಲಲಿ.

ಬೆಂಗಳೂರಿಗೆ ಹೋಗಬಹುದಾ ಎಂದು ಕೇಳುವವರಿಗೆ: 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕಿಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ರೋಡ್‌ಕಿಂಗಿಗೆ ಆ ವೇಗವೇ ಸರಿ. ಮದ್ದೂರಿನಲ್ಲಿ ಹೇಗಿದ್ದರೂ ವಡೆಗೆ ನಿಲ್ಲಿಸುತ್ತೀರಿ, ಎಂಜಿನ್ ಅಷ್ಟರಲ್ಲಿ ತಣ್ಣಗಾಗುತ್ತದೆ.